ಬೀಗರ ಶುಗರ್ ಗುಳಿಗೆ ನಮಗೆ ಆಗಿಬರುತ್ತದೆಯೇ?

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಖಾಲಿ ಸ್ಟ್ರಿಪ್ ಕೌಂಟರ್ ಮೇಲಿಟ್ಟು ‘ನಮ್ಮ ಬೀಗರಿಗೆ ಇದರಿಂದ ಶುಗರ್ ಇಳಿದೈತ್ರಿ, ನನಗೂ ಇದನ್ನ ಕೊಡ್ರಿ’ ಅನ್ನುವವರು ತುಂಬಾ ಜನ. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಸಿಟ್ಟಾಗಿ ಮುಂದಿನ ಅಂಗಡಿಗೆ ಹೋಗುತ್ತಾರೆ.

ಆ ಸ್ಟ್ರಿಪ್ ಹೆಚ್ಚಾಗಿ ಗ್ಲಿಮೆಪಿರೈಡ್‌ದು. ಅಗ್ಗದ್ದು, ಶುಗರನ್ನು ಬೇಗ ಇಳಿಸುತ್ತದೆ ಕೂಡ. ಆದರೆ ನೀವು ಉಂಡಿರಿ, ಬಿಡಿರಿ, ಅದು ಒಳಗೆ ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಬೆಳಿಗ್ಗೆ ನುಂಗಿ ಹೊಲಕ್ಕೆ ಹೋಗಿ, ಬುತ್ತಿ ಬರುವುದು ತಡವಾದರೆ, ಇಲ್ಲವೇ ಶ್ರಾವಣ ಸೋಮವಾರ ಉಪವಾಸ ಹಿಡಿದರೆ ಶುಗರ್ ತೀರಾ ಇಳಿದು ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬರುತ್ತದೆ. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಈ ಅಪಾಯ ಇನ್ನೂ ಜಾಸ್ತಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಗುಳಿಗೆ ಒಂದನ್ನೇ ತೆಗೆದುಕೊಂಡರೆ ಹೀಗಾಗುವುದು ಅಪರೂಪ, ಅದಕ್ಕೇ ಸಾಮಾನ್ಯವಾಗಿ ಡಾಕ್ಟರು ಅದರಿಂದ ಶುರು ಮಾಡುತ್ತಾರೆ. ಆದರೆ ಅದೂ ಎಲ್ಲರಿಗೂ ಅಲ್ಲ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಕೊಡುವಂತಿಲ್ಲ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಗುಳಿಗೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯ ಸೋತವರಿಗೂ ಕಿಡ್ನಿ ತೊಂದರೆ ಇರುವವರಿಗೂ ಇವುಗಳಿಂದ ಒಳ್ಳೆಯದಾಗುತ್ತದೆ ಅಂತ ದೊಡ್ಡ ಅಧ್ಯಯನಗಳೇ ತೋರಿಸಿವೆ. ಮೂತ್ರದ ಜಾಗದಲ್ಲಿ ತುರಿಕೆ ಬರಬಹುದು, ನಾಚಿಕೊಳ್ಳದೆ ಹೇಳಿ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ದುಡಿಯುವವರು ನೀರು ಕಡಿಮೆ ಮಾಡಬಾರದು, ವಾಂತಿ-ಭೇದಿ ಆದರೆ ಈ ಗುಳಿಗೆ ನಿಲ್ಲಿಸಬೇಕೇ ಅಂತ ಡಾಕ್ಟರಿಗೆ ಕೂಡಲೇ ಫೋನ್ ಮಾಡಿ. ‘ಅದು ದುಬಾರಿ’ ಅಂತ ಹಿಂದೆ ಬೇಡ ಅಂದವರು ಮತ್ತೊಮ್ಮೆ ಕೇಳಿ ನೋಡಿ. ಡಾಪಾಗ್ಲಿಫ್ಲೋಜಿನ್ ಮೊದಲ ಪೇಟೆಂಟ್ 2020ರಲ್ಲಿ, ಇನ್ನೊಂದು ಶುಗರ್ ಗುಳಿಗೆ ಸಿಟಾಗ್ಲಿಪ್ಟಿನ್‌ದು 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರಲ್ಲಿ ಮುಗಿದು, ಈಗ ಬೇರೆ ಬೇರೆ ಕಂಪನಿಗಳು ತಯಾರಿಸುವುದರಿಂದ ಬೆಲೆ ಚೆನ್ನಾಗಿ ಇಳಿದಿದೆ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ಟೈಪ್-1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಶುಗರ್ ಕಾಯಿಲೆ, ಇರುವ ಮಕ್ಕಳ ಇನ್ಸುಲಿನ್ ಬಿಡಿಸಿ ಗುಳಿಗೆ ಕೊಡಿ ಅನ್ನುವವರೂ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೇ ಕುತ್ತು.

ಡಾಕ್ಟರಲ್ಲಿ ನನ್ನ ವಿನಂತಿ: ಈ ಗುಳಿಗೆ ಯಾಕೆ, ಊಟ ತಪ್ಪಿದರೆ ಏನು ಮಾಡಬೇಕು ಅಂತ ಚೀಟಿಯ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ. ಅದನ್ನು ಓದಿ ಹೇಳುವ ಕೆಲಸ ನಮ್ಮಂಥ ಅಂಗಡಿಯವರು ಖುಷಿಯಿಂದ ಮಾಡುತ್ತೇವೆ.

– ಔಷಧಿ ವ್ಯಾಪಾರಿ, ವಿಜಯಪುರ