ಸುಳ್ಳಿಗೊಂದು ವಂಶವೃಕ್ಷ

ಪ್ರೀತಿಯ ತಮ್ಮಾ,

ಆಶೀರ್ವಾದಗಳು. ನಿನ್ನ ಹಾಸ್ಯ ಸಿನಿಮಾದ ಸ್ಕ್ರಿಪ್ಟ್ ಓದಿ ಮುಗಿಸಿದೆ. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಮಕ್ಕಳ ಮುಂದೆ ಕೈಚಾಚದೆ ಕಾಶಿಗೆ ಹೋಗಿಬರಲು ಮನೆಯ ಎರಡು ಕೋಣೆಗಳನ್ನು ಗುಟ್ಟಾಗಿ ಹೋಂಸ್ಟೇ ಮಾಡುತ್ತಾರೆ. ಬೇಸಿಗೆ ರಜೆಗೆ ಮಗ, ಮಗಳು ಹೇಳದೆ ಕೇಳದೆ ಬಂದಿಳಿದಾಗ ಅತಿಥಿಗಳನ್ನೇ ನೆಂಟರೆಂದು ಪರಿಚಯಿಸುತ್ತಾರೆ. ಎಳೆ ಗಟ್ಟಿಯಾಗಿದೆ. ನಗು ಮಾತ್ರ ಹುಟ್ಟುತ್ತಿಲ್ಲ, ಯಾಕೆಂದರೆ ಆ ಸುಳ್ಳನ್ನು ಯಾರೂ ಕೆದಕುತ್ತಿಲ್ಲ.

ನಮ್ಮ ಕಡೆ ಹೊಸಬರು ಜಗಲಿ ಹತ್ತಿ ಕಾಫಿ ಲೋಟ ಹಿಡಿಯುವಷ್ಟರಲ್ಲಿ "ಯಾರ ಕಡೆಯವರು?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನಿನ್ನ ಕಥೆಯಲ್ಲಿ ಅಜ್ಜಿ ಇದ್ದೂ ಕೇಳುವುದಿಲ್ಲ! ಇನ್ನೂ ದೊಡ್ಡ ತೊಡಕು ಬೇರೆಯಿದೆ. ಅತಿಥಿ ಹುಡುಗನನ್ನು ಅಪ್ಪ "ನಮ್ಮ ಚಿಕ್ಕಪ್ಪನ ಮೊಮ್ಮಗ, ತಮ್ಮನ ಮಗ" ಅನ್ನುತ್ತಾನೆ. ಹಾಗಾದರೆ ಅವನು ಮಗಳಿಗೆ ವರಸೆಯಲ್ಲಿ ಅಣ್ಣನಾದ. ಮುಂದೆ ಅವರಿಬ್ಬರ ಕಣ್ಣಾಟ ಶುರುವಾದಾಗ, ಅವನು ನಿಜವಾದ ನೆಂಟನಲ್ಲ ಎಂದು ಗೊತ್ತಿದ್ದರೂ, ಮನೆಮಂದಿಯೊಂದಿಗೆ ಕೂತ ಪ್ರೇಕ್ಷಕನಿಗೆ ಮುಜುಗರ. ಒಂದು ಕೆಟ್ಟ ಮಾತೂ ಇಲ್ಲದೆ ಸಿನಿಮಾ ಕೊಳಕಾಗುವುದು ಹೀಗೆ. ಅವನನ್ನು ಅಪ್ಪನ ದೊಡ್ಡಪ್ಪನ ಮಗಳ ಮಗ ಮಾಡು. ಮಕ್ಕಳು ಕಂಡಿರದಷ್ಟು ದೂರ, ಆದರೆ ವರಸೆಯಲ್ಲಿ ಸೋದರತ್ತೆಯ ಮಗ. ಈಗ ಅಜ್ಜಿ ಸುಮ್ಮನಿರುತ್ತಾಳೆಯೇ? ಜಾತಕ ಕೇಳುತ್ತಾಳೆ, ಅವನ ಅಮ್ಮನಿಗೆ ಫೋನ್ ಹಚ್ಚು ಅನ್ನುತ್ತಾಳೆ. ಅಪ್ಪ ಒಂದು ಸುಳ್ಳಿಗೆ ನಾಲ್ಕು ಸೇರಿಸಬೇಕಾಗುತ್ತದೆ. ನಿನ್ನ ಇಂಟರ್‌ವಲ್ ಇಲ್ಲಿದೆ, ಮಳೆಯಲ್ಲಿ ಕರೆಂಟ್ ಹೋಗುವುದರಲ್ಲಿ ಅಲ್ಲ.

ಇದಕ್ಕೊಂದು ಕೋಷ್ಟಕ ಹಾಕು. ಅಡ್ಡಸಾಲಿನಲ್ಲಿ ದೃಶ್ಯದ ಸಂಖ್ಯೆ, ಉದ್ದಸಾಲಿನಲ್ಲಿ ಪಾತ್ರಗಳು. ಪ್ರತಿ ಚೌಕದಲ್ಲಿ ಆ ಹೊತ್ತಿಗೆ ಆ ಪಾತ್ರಕ್ಕೆ ಏನು ಗೊತ್ತು, ಏನನ್ನು ತಪ್ಪಾಗಿ ನಂಬಿದೆ ಎಂದು ಬರೆ. ಸತತ ಮೂರು ದೃಶ್ಯಗಳಲ್ಲಿ ಒಂದು ಚೌಕವೂ ಬದಲಾಗದಿದ್ದರೆ ಎರಡು ದೃಶ್ಯ ಹೆಚ್ಚಾಗಿವೆ. ದೃಶ್ಯ 9ರಲ್ಲಿ ಅಮ್ಮನಿಗೆ ವಾಟ್ಸಾಪ್ ಕರೆ ಎತ್ತಲು ಬರುವುದಿಲ್ಲ, ದೃಶ್ಯ 3ರಲ್ಲಿ ಆಕೆಯೇ ಮೊಬೈಲಿನಲ್ಲಿ ಬುಕಿಂಗ್ ತಗೊಂಡಿದ್ದಳು. ಕೋಷ್ಟಕವಿದ್ದಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು. ಆ 9ನ್ನು ಕಿತ್ತುಹಾಕು. ವಯಸ್ಸಾದವರ ಅಮಾಯಕತನದ ಮೇಲೆ ನಗಿಸುವುದು ಸುಲಭ, ಎರಡು ಸಲಕ್ಕೆ ಹಳಸುತ್ತದೆ. ಮಗ ಬಂದ ತಕ್ಷಣ ಆಕೆ ಏನೂ ಬಾರದವಳಂತೆ ನಟಿಸಲಿ. ಕೋಣೆಯಲ್ಲಿ ಅತಿಥಿಗೆ ಇಂಗ್ಲಿಷಿನಲ್ಲಿ ಚೆಕ್‌ಔಟ್ ಸಮಯ ಹೇಳಲಿ.

ಒಂದು ಫೋನ್ ಕರೆಯಿಂದ ಬಗೆಹರಿಯುವ ಗೊಂದಲ ಎರಡು ಗಂಟೆ ನಿಲ್ಲುವುದಿಲ್ಲ. ಬ್ಯಾಟರಿ ಸತ್ತಿತು, ಸಿಗ್ನಲ್ ಇಲ್ಲ ಅನ್ನುವುದು ಒಂದು ಸಲ ಮಾತ್ರ ನಡೆಯುತ್ತದೆ. ಬಾಯಿಬಿಡದಿರಲು ಪ್ರತಿಯೊಬ್ಬರಿಗೂ ಸ್ವಂತ ಕಾರಣ ಬೇಕು. ಮಗ ಕೆಲಸ ಬಿಟ್ಟಿದ್ದನ್ನು ಮುಚ್ಚಿಟ್ಟಿದ್ದಾನೆ ಅಂದುಕೋ, ಅವನು ಅಪ್ಪನನ್ನು ಗದರಿಸಿ ಕೇಳಲಾರ.

ಅಪ್ಪ ಕೊಟ್ಟಿಗೆ ಹಿಂದೆ ಕದ್ದು ಸಿಗರೇಟ್ ಸೇದುವುದು ಬೇಡ. ತಂಬಾಕು ತೋರಿಸಿದರೆ ಆ ಹೊತ್ತಿಡೀ ಪರದೆಯ ಕೆಳಗೆ ಎಚ್ಚರಿಕೆಯ ಸಾಲು, ಜೊತೆಗೆ ಶುರುವಿನಲ್ಲೂ ಮಧ್ಯದಲ್ಲೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, 20 ಸೆಕೆಂಡಿನ ಹೇಳಿಕೆ ಕಡ್ಡಾಯ. ಸಕ್ಕರೆ ಕಾಯಿಲೆಯ ಅಪ್ಪ ಕದ್ದು ಹಲಸಿನ ಹಣ್ಣು ತಿನ್ನಲಿ. ವಾಸನೆ ಬಚ್ಚಿಡಲಾಗದು, ಕೈಗಂಟಿದ ಮೇಣ ಕೊಬ್ಬರಿ ಎಣ್ಣೆಯಿಲ್ಲದೆ ಹೋಗದು. ಅದೇ ಕೈಯಲ್ಲಿ ಅತಿಥಿಗಳ ರಿಜಿಸ್ಟರ್ ಮುಟ್ಟಿದರೆ ಹಾಳೆಗಳು ಅಂಟಿಕೊಳ್ಳುತ್ತವೆ. ಮೊದಲ ಹದಿನೈದು ಪುಟದೊಳಗೆ ಇದನ್ನು ತೋರಿಸು, ನಡುವೆ ಒಮ್ಮೆ ನೆನಪಿಸು, ಕೊನೆಯಲ್ಲಿ ಮಗ ಅಂಟಿದ ಹಾಳೆ ಬಿಡಿಸುವಾಗ ಎಲ್ಲವೂ ಹೊರಬೀಳಲಿ.

"ಡಬಲ್ ರೂಮ್" ಮೇಲಿನ ಆರು ಜೋಕುಗಳೂ ಹೋಗಲಿ. ಸೆನ್ಸಾರಿನವರು ಮ್ಯೂಟ್ ಹೇಳಿದರೆ ಮಾತಿನ ಜೊತೆ ಅದರ ಟೈಮಿಂಗೂ ಸಾಯುತ್ತದೆ. 2024ರ ಸೆನ್ಸಾರ್ ನಿಯಮಗಳಲ್ಲಿ ಯು/ಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬೇಕಾದ ಚಿತ್ರ) ಅನ್ನುವುದು 7, 13, 16 ವರ್ಷ ಎಂದು ಮೂರು ಪಾಲಾಗಿದೆ. ನಿನ್ನ ಕಥೆಗೆ ಬೇಕಿರುವುದು ನೇರ ಯು, ಎಲ್ಲ ವಯಸ್ಸಿನವರೂ ನೋಡಬಹುದಾದದ್ದು. ಅತಿಥಿಯ ನಾಯಿಯೂ ಬೇಕೇ ಯೋಚಿಸು. ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯಿಲ್ಲದೆ ಅದನ್ನು ನಟಿಸಲು ಬಿಡುವಂತಿಲ್ಲ, ಕಥೆಗೆ ಅದರಿಂದ ಉಪಕಾರವೂ ಇಲ್ಲ.

ಸಂಭಾಷಣೆಯ ಬಗ್ಗೆ ಒಂದೇ ಮಾತು. ನಗು ತರುವ ಪದ ವಾಕ್ಯದ ತುದಿಯಲ್ಲಿರಲಿ. "ಕಾಶಿಗೆ ಹೋಗೋಕೆ ದುಡ್ಡು ಕೂಡಿಸಿದ್ದೀನಿ ಅಕ್ಕಿ ಡಬ್ಬದಲ್ಲಿ" ಅಂದರೆ ಡಬ್ಬ ಕೊನೆಗೆ ಬೀಳುತ್ತದೆ. ಕನ್ನಡದ ಆಡುಮಾತು ಇದಕ್ಕೆ ಧಾರಾಳವಾಗಿ ಒಗ್ಗುತ್ತದೆ. ನಕ್ಕ ಮರುಕ್ಷಣದ ಮಾತು ಥಿಯೇಟರಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಕಥೆಗೆ ಬೇಕಾದ ಸುದ್ದಿಯನ್ನು ಅಲ್ಲಿ ಇಡಬೇಡ. ಅಲ್ಲೊಂದು ನೋಟ ಇಡು, ಲೋಟ ಎತ್ತುವುದೋ ಬಾಗಿಲು ಮುಚ್ಚುವುದೋ ಇಡು.

ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ ನಿನ್ನ 161 ಪುಟ ಎರಡೂಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. 125ಕ್ಕೆ ಇಳಿಸು. ಮೊದಲು ಮಗನ ಆಫೀಸಿನ ದೃಶ್ಯಗಳನ್ನು ತೆಗೆ, ಅಲ್ಲಿಗೇ ಹದಿನೆಂಟು ಪುಟ ಉಳಿಯುತ್ತದೆ. ಉಳಿದದ್ದು ಅಜ್ಜಿಯ ಪ್ರಶ್ನೆಗಳು ಎಲ್ಲೆಲ್ಲಿ ಕೂರುತ್ತವೆ ಎನ್ನುವುದರ ಮೇಲೆ. ಮುಂದಿನ ಸಲ ಸ್ಕ್ರಿಪ್ಟ್ ಬೇಡ, ಕೋಷ್ಟಕವನ್ನಷ್ಟೇ ಕಳಿಸು.

ಇಂತಿ,
ನಿನ್ನ ಹಿರಿಯ ಮಿತ್ರ