ಕಿತ್ತಳೆ ಬಣ್ಣ ಓದಲು ಕಲಿಸಿದವರಿಗೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಶುಭಾಶಯ ಕಳಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆದರೆ ಅಷ್ಟು ಹೇಳಿ ಸುಮ್ಮನಾಗಲು ಮನಸ್ಸು ಒಪ್ಪುತ್ತಿಲ್ಲ. ಈ ಕೆಲಸದ ಹಿಂದೆ ಯಾರ್ಯಾರ ಕೈ ಇದೆ ಅನ್ನೋದನ್ನು ಒಂದು ಸಲ ಸರಿಯಾಗಿ ಬರೆಯಬೇಕು.

"ಅಲ್ಲಿ ನೀನು ಮಾಡೋದಾದರೂ ಏನು?" ಅಂತ ಊರಲ್ಲಿ ಎಷ್ಟೋ ಜನ ಕೇಳಿದ್ದಾರೆ. ನಾನು ಲ್ಯಾಬಿನಲ್ಲಿ ಡಿಎನ್‌ಎ, ಆರ್‌ಎನ್‌ಎ ತುಣುಕುಗಳನ್ನು ಕಟ್ಟುತ್ತೇನೆ. ಕಟ್ಟುವಾಗ ಒಂದೆರಡು ಪರಮಾಣುಗಳನ್ನು ಬೇಕಂತಲೇ ಬದಲಾಯಿಸುತ್ತೇನೆ. ಆಮೇಲೆ ಆ ಅಣುವಿನ ಯಾವ ಕೆಲಸ ಕೆಟ್ಟಿತು, ಯಾವುದು ಉಳಿಯಿತು ಅಂತ ನೋಡುತ್ತೇನೆ. ಪ್ರಕೃತಿ ಆ ಪರಮಾಣುವನ್ನು ಅಲ್ಲಿ ಯಾಕೆ ಇಟ್ಟಿದೆ ಅನ್ನೋದು ಹಾಗೆ ತಿಳಿಯುತ್ತದೆ.

ಈ ದಾರಿಯಲ್ಲಿ ಮೊದಲು ನಡೆದವರಿಗೆ ಮೊದಲ ನಮಸ್ಕಾರ. ಡಿಎನ್‌ಎ, ಆರ್‌ಎನ್‌ಎ ಸರಪಳಿಯ ಒಂದೊಂದು ಘಟಕವನ್ನೂ ನಾವು ಅಕ್ಷರ ಅನ್ನುತ್ತೇವೆ. 1960ರ ದಶಕದಲ್ಲಿ ಭಾರತ ಮೂಲದ ವಿಜ್ಞಾನಿ ಹರಗೋಬಿಂದ ಖೊರಾನ ಅವರ ತಂಡ ಯು, ಸಿ ಎರಡೇ ಅಕ್ಷರ ಸರದಿಯಂತೆ ಬರುವ ಆರ್‌ಎನ್‌ಎ ತಯಾರಿಸಿತು. ಜೀವಕೋಶದ ಪ್ರೋಟೀನ್ ಕಟ್ಟುವ ವ್ಯವಸ್ಥೆಯಿಂದ ಅದನ್ನು ಓದಿಸಿದಾಗ ಸೀರೀನ್, ಲ್ಯೂಸೀನ್ ಅನ್ನೋ ಎರಡು ಅಮೈನೋ ಆಮ್ಲಗಳು (ಪ್ರೋಟೀನಿನ ಘಟಕಗಳು) ಒಂದಾದ ಮೇಲೆ ಒಂದರಂತೆ ಬರುವ ಪ್ರೋಟೀನ್ ಸರಪಳಿ ಬಂತು. ಎರಡೆರಡು ಅಕ್ಷರ ಓದುವ ಹಾಗಿದ್ದರೆ ಒಂದೇ ಅಮೈನೋ ಆಮ್ಲ ಬರಬೇಕಿತ್ತು, ಅಲ್ವಾ? ಮೂರರಂಥ ಬೆಸ ಸಂಖ್ಯೆಯಲ್ಲಿ ಓದಿದರೆ ಮಾತ್ರ ಹೀಗೆ ಎರಡು ಸರದಿಯಲ್ಲಿ ಬರುತ್ತವೆ. 1968ರಲ್ಲಿ ಅವರಿಗೆ ನೊಬೆಲ್ ಬಂತು. ಬಿಎಸ್ಸಿಯಲ್ಲಿ ಇದನ್ನು ಓದಿದಾಗಲೇ ನಾನು ಈ ಕಡೆ ವಾಲಿದ್ದು.

ಆಮೇಲೆ ಅಮೆರಿಕದ ರಸಾಯನಶಾಸ್ತ್ರಜ್ಞ ಎರಿಕ್ ಕೂಲ್. ಡಿಎನ್‌ಎಯ ಟಿ ಅಕ್ಷರ ಎದುರಿನ ಎ ಅಕ್ಷರವನ್ನು ಹೈಡ್ರೋಜನ್ ಬಂಧದಿಂದ ಹಿಡಿದಿರುತ್ತದೆ. ನಕಲು ತೆಗೆಯುವ ಕಿಣ್ವ ಸರಿಯಾದ ಅಕ್ಷರ ಆರಿಸುವುದೂ ಆ ಬಂಧದ ಬಲದಿಂದಲೇ ಅಂತ ಬಹಳ ಜನ ನಂಬಿದ್ದರು. ಕೂಲ್ ಅವರ ಗುಂಪು ಟಿಯ ಆಮ್ಲಜನಕಗಳ ಜಾಗದಲ್ಲಿ ಫ್ಲೋರೀನ್, ಉಂಗುರದ ಸಾರಜನಕಗಳ ಜಾಗದಲ್ಲಿ ಇಂಗಾಲ ಇಟ್ಟಿತು. ಆಕಾರ ಹೆಚ್ಚುಕಮ್ಮಿ ಅದೇ. ಹಿಡಿದುಕೊಳ್ಳುವ ಶಕ್ತಿ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಿದ್ದರೂ ಕಿಣ್ವ ಅದರ ಎದುರು ಎ ಅಕ್ಷರವನ್ನೇ ತಂದು ಕೂರಿಸಿತು! 1997ರ ಆ ಫಲಿತಾಂಶದಿಂದ ಆಕಾರಕ್ಕೆ ಎಷ್ಟು ಬೆಲೆ ಇದೆ ಅಂತ ಗೊತ್ತಾಯಿತು. ಇಷ್ಟು ಚೊಕ್ಕಟವಾದ ಪ್ರಯೋಗವನ್ನು ನಾನು ಇನ್ನೊಂದು ನೋಡಿಲ್ಲ.

ಇನ್ನು ನನ್ನ ಪ್ರಬಂಧ. ಪ್ರತಿ ಅಕ್ಷರದಲ್ಲೂ ಒಂದು ಸಕ್ಕರೆಯ ಭಾಗ ಇರುತ್ತದೆ. ಡಿಎನ್‌ಎ ಸಕ್ಕರೆಗೂ ಆರ್‌ಎನ್‌ಎ ಸಕ್ಕರೆಗೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕ. ಅದು ಇರುವುದರಿಂದಲೇ ಆರ್‌ಎನ್‌ಎ ಕ್ಷಾರದಲ್ಲಿ ಬೇಗ ಮುರಿಯುತ್ತದೆ. ನನ್ನ ಕೆಲಸವೆಲ್ಲ ಆ ಒಂದು ಜಾಗದ ಸುತ್ತಲೇ. ಅಲ್ಲಿ ಪರಮಾಣುಗಳ ಬೇರೆ ಬೇರೆ ಗುಂಪುಗಳನ್ನು ಕೂರಿಸಿ, ಜೋಡಿ ಎಳೆಯನ್ನು ನಿಧಾನವಾಗಿ ಬಿಸಿ ಮಾಡಿ, ಎಷ್ಟು ತಾಪಕ್ಕೆ ಎಳೆಗಳು ಬಿಟ್ಟುಕೊಳ್ಳುತ್ತವೆ ಅಂತ ಅಳೆಯುವುದು. ಅದನ್ನೇ ಕರಗುವ ತಾಪ ಅನ್ನುತ್ತೇವೆ.

ಇದಕ್ಕೆ ಮೊದಲು ಎಳೆ ಕೈಗೆ ಸಿಗಬೇಕು. ಅಲ್ಲೇ ನಮ್ಮ ಸಿಂಥಸೈಸರ್ (ಎಳೆ ಕಟ್ಟುವ ಯಂತ್ರ) ನೋಡಿಕೊಳ್ಳುವ ಅಣ್ಣ ಬರುತ್ತಾರೆ. ಅಮೆರಿಕದ ವಿಜ್ಞಾನಿ ಮಾರ್ವಿನ್ ಕ್ಯಾರುದರ್ಸ್ ಅವರ ಗುಂಪು 1980ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನವನ್ನೇ ಆ ಯಂತ್ರ ಇವತ್ತಿಗೂ ಅನುಸರಿಸುತ್ತದೆ. ಹೂ ಪೋಣಿಸಿದ ಹಾಗೆ ಒಂದೊಂದೇ ಅಕ್ಷರ ಸೇರುತ್ತದೆ. ಪ್ರತಿ ಅಕ್ಷರದ ತುದಿಗೆ ಟ್ರೈಟಿಲ್ ಅನ್ನೋ ಮುಚ್ಚಳ ಇರುತ್ತದೆ. ಆಮ್ಲ ಹಾಯಿಸಿದರೆ ಮುಚ್ಚಳ ಕಳಚಿ, ಕೊಳವೆಯಲ್ಲಿ ಗಾಢ ಕಿತ್ತಳೆ ದ್ರವ ಹರಿಯುತ್ತದೆ. ಬಣ್ಣ ಪ್ರತಿ ಸುತ್ತಿಗೂ ಹಾಗೇ ಇದ್ದರೆ ಕೆಲಸ ಸರಿಯಾಗಿದೆ ಅಂತ. ತಿಳಿಯಾಗುತ್ತಾ ಹೋದರೆ ಅಕ್ಷರ ಸೇರುತ್ತಿಲ್ಲ ಅಂತ. ಪ್ರತಿ ಸುತ್ತಿಗೆ 99% ಸೇರಿದರೆ 20 ಅಕ್ಷರದ ಎಳೆ ಸುಮಾರು 83% ಸಿಗುತ್ತದೆ. ಅದೇ 95%ಗೆ ಇಳಿದರೆ ಬರೀ 38%.

ಮಳೆಗಾಲದಲ್ಲಿ ನಮ್ಮ ಕಿತ್ತಳೆ ತಿಳಿಯಾಗುತ್ತಲೇ ಹೋಯಿತು. ಗಾಳಿಯ ತೇವ ಒಂಚೂರು ಒಳಗೆ ಸೇರಿದರೂ ಈ ರಸಾಯನಕ್ರಿಯೆ ಕೆಡುತ್ತದೆ. ತಿಂಗಳುಗಟ್ಟಲೆ ಶ್ರಮಪಟ್ಟು ಮಾಡಿದ ಮಾನೋಮರ್ (ಎಳೆಗೆ ಸೇರಬೇಕಾದ ಬಿಡಿ ಅಕ್ಷರ) ಸುಮ್ನೆ ಹಾಳಾಗುತ್ತಿತ್ತು. ಅಣ್ಣ ಆರ್ಗಾನ್ ಅನಿಲದ ಲೈನಿನ ಒಂದೊಂದು ಜಾಯಿಂಟ್ ಬಿಚ್ಚಿ ನೋಡಿದರು, ಅಸಿಟೋನೈಟ್ರೈಲ್ ಅನ್ನೋ ದ್ರಾವಕದ ಬಾಟಲಿಗಳಿಗೆ ತೇವ ಹೀರುವ ಹೊಸ ಸೀವ್ ಹಾಕಿಸಿದರು, ಭಾನುವಾರವೂ ಬಂದರು. ಪ್ರಬಂಧದ ಮುಖಪುಟದಲ್ಲಿ ಅವರ ಹೆಸರು ಇಲ್ಲ. ಆದರೆ ಒಳಗಿರುವ ಪ್ರತಿಯೊಂದು ಎಳೆಯೂ ಅವರ ಕೈ ದಾಟಿಯೇ ಬಂದದ್ದು.

ನನ್ನ ಗೈಡ್‌ಗೆ ಏನು ಹೇಳಲಿ? ನಾನು ಮಾಡಿದ ಒಂದು ಅಣು ಜೋಡಿ ಕಟ್ಟಲೇ ಇಲ್ಲ. ಕರಗುವ ತಾಪದ ಗ್ರಾಫ್‌ನಲ್ಲಿ ಏರಿಕೆಯೇ ಇಲ್ಲದ ಸಪಾಟು ಗೆರೆ. ಅದನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಅವರು ಅದಕ್ಕೇ ಒಂದು ಅಧ್ಯಾಯ ಕೊಡು ಅಂದರು. ಸಕ್ಕರೆಯ ಆ ಒಂದು ಜಾಗದಲ್ಲಿ ಎಷ್ಟು ದೊಡ್ಡ ಗುಂಪು ಹಿಡಿಸುತ್ತದೆ ಅಂತ ಹೇಳಿದ್ದು ಆ ಅಣುವೇ. ವೈವಾದಲ್ಲಿ ಜಾಸ್ತಿ ಪ್ರಶ್ನೆ ಬಂದದ್ದೂ ಅದರ ಮೇಲೆಯೇ.

ಫೆಲೋಶಿಪ್ ಬಂದದ್ದು ಸರ್ಕಾರದಿಂದ, ಅಂದರೆ ನಿಮ್ಮೆಲ್ಲರ ತೆರಿಗೆಯಿಂದ. ಅದಕ್ಕೆ ಪ್ರತ್ಯೇಕವಾಗಿ ಕೈ ಮುಗಿಯುತ್ತೇನೆ. ಕನ್ನಡ ಮಾಧ್ಯಮದಲ್ಲಿ ನಮಗೆ ಪರಮಾಣು ರಚನೆ ಕಲಿಸಿದ ಮೇಡಂಗೆ ಪ್ರಬಂಧದ ಒಂದು ಪ್ರತಿ ಕಳಿಸಿದ್ದೇನೆ. ಅಮ್ಮ, ಅಪ್ಪ, ನಿಮ್ಮ ಬಗ್ಗೆ ಇಲ್ಲಿ ಬರೆದರೆ ಮುಗಿಯೋದಿಲ್ಲ. ಮನೆಗೆ ಬಂದೇ ಹೇಳುತ್ತೇನೆ.

ಆ ಜೋಡಿ ಕಟ್ಟದ ಅಣುವಿನ ಕೆಲಸವನ್ನು ಈಗ ನಮ್ಮ ಜೂನಿಯರ್ ಮುಂದುವರಿಸುತ್ತಾಳೆ. ಇನ್ನೂ ಸಣ್ಣ ಗುಂಪು ಹಾಕಿ ನೋಡುತ್ತೇನೆ ಅಂತ ಅವಳೇ ಕೇಳಿ ತೆಗೆದುಕೊಂಡಳು. ಅವಳಿಗೂ ಥ್ಯಾಂಕ್ಸ್.