ನಾಣ್ಯದ ಹಿಂಬದಿಯನ್ನೂ ತೋರಿಸಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಹಾಕಿದ ಫೋಟೋಗಳಲ್ಲೆಲ್ಲ ಬರೀ ಮುಂಬದಿಯ ತಲೆ! ದಿನಾರಿಯಸ್ ಅನ್ನೋ ಈ ಬೆಳ್ಳಿ ನಾಣ್ಯದ ಮಜಾ ಇರುವುದೇ ಹಿಂಬದಿಯಲ್ಲಿ ಅಲ್ವಾ?

ನೀವು ಹಾಕಿದ, ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ನಾಣ್ಯವನ್ನೇ ತಿರುಗಿಸಿ ನೋಡಿ. ಇಬ್ಬರು ಹುಡುಗರು ಟೋಗಾ (ರೋಮನ್ನರ ಉದ್ದನೆಯ ಮೇಲುವಸ್ತ್ರ) ಹೊದ್ದು ನಿಂತಿದ್ದಾರೆ, ನಡುವೆ ಎರಡು ಗುರಾಣಿ, ಅದರ ಹಿಂದೆ ಭರ್ಜಿ, ಮೇಲುಗಡೆ ಪೂಜೆಯ ಸೌಟು ಮತ್ತು ಶಕುನ ನೋಡುವವರ ಡೊಂಕು ಕೋಲು. ಇಷ್ಟೂ ನಮ್ಮ ಒಂದು ರೂಪಾಯಿಗಿಂತ ಚಿಕ್ಕ ಬಿಲ್ಲೆಯ ಮೇಲೆ! ಅವರು ಗಾಯಸ್ ಮತ್ತು ಲೂಸಿಯಸ್. ಅಗಸ್ಟಸ್‌ನ ಮಗಳು ಜೂಲಿಯಾಳ ಮಕ್ಕಳು, ತಾತನೇ ದತ್ತು ತಗೊಂಡಿದ್ದ. ನನ್ನ ನಂತರ ಇವರೇ ಅಂತ ಡಂಗುರ ಹೊಡೆಸಿದ ಹಾಗೆ. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ ತೀರಿಹೋದ, ಗಾಯಸ್ 4ರಲ್ಲಿ. ಪಟ್ಟ ಸಿಕ್ಕಿದ್ದು ಮಲಮಗ ಟಿಬೇರಿಯಸ್‌ಗೆ.

ಅವನ ನಾಣ್ಯದ ಹಿಂದೆ ಒಬ್ಬ ಹೆಂಗಸು ಕೂತಿದ್ದಾಳೆ, ಕೈಯಲ್ಲಿ ಕೋಲು, ಕೊಂಬೆ. ಅವನ ತಾಯಿ ಲಿವಿಯಾ ಅಂತ ಹಲವರು ಹೇಳುತ್ತಾರೆ. ಆಳಿದ 22 ವರ್ಷವೂ ಹೆಚ್ಚೂಕಡಿಮೆ ಇದೊಂದೇ ಚಿತ್ರ. ದುಡ್ಡಿನಲ್ಲಿ ಬಿಗಿ ಕೈ ಅಂತ ಹೆಸರು ಮಾಡಿದವನು, ಚಿತ್ರದಲ್ಲೂ ಹಾಗೇ!

ದಕ್ಷಿಣ ಭಾರತದಲ್ಲಿ ಜಾಸ್ತಿ ಸಿಕ್ಕಿರುವ ರೋಮನ್ ಬೆಳ್ಳಿ ಈ ಎರಡು ಬಗೆಯದೇ. 1891ರಲ್ಲಿ ನಮ್ಮ ಯಶವಂತಪುರದ ರೈಲ್ವೆ ಜಾಗದಲ್ಲಿ ಸಿಕ್ಕ 163 ದಿನಾರಿಯಸ್‌ಗಳ ವಿಷಯ ನಿಮ್ಮ ಲೇಖನದಲ್ಲಿ ಬಂದಿದೆ, ಅದರ ಚಿತ್ರಗಳ ಬಗ್ಗೆ ಒಂದು ಸಾಲೂ ಇಲ್ಲ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದಿನಾರಿಯಸ್‌ನ ತೂಕವನ್ನೂ ಅದರಲ್ಲಿನ ಬೆಳ್ಳಿಯನ್ನೂ ಇಳಿಸಿದ. ಆಮೇಲೆ ರೋಮನ್ನರಿಗೆ ಮೆಣಸು ಮಾರುತ್ತಿದ್ದ ನಮ್ಮ ಕಡೆಯ ವ್ಯಾಪಾರಿ ಆ ಇಬ್ಬರು ಹುಡುಗರನ್ನು ನೋಡಿಯೇ ಇದು ಹಳೇ ಒಳ್ಳೇ ಬೆಳ್ಳಿ ಅಂತ ಗುರುತು ಹಿಡಿಯುತ್ತಿದ್ದನೇನೋ. ಇದು ಸುಮ್ನೆ ನನ್ನ ಊಹೆ.

ಬ್ರೂಟಸ್‌ನದಂತೂ ಬಿಡಿ. ನಿಮ್ಮ ಫೋಟೋದಲ್ಲಿ ಅವನು ಯಾರೋ ಕುರುಚಲು ಗಡ್ಡದವನು, ಅಷ್ಟೇ. ತಿರುಗಿಸಿದರೆ ಎರಡು ಬಾಕು, ನಡುವೆ ಬಿಡುಗಡೆಯಾದ ಗುಲಾಮರ ಟೋಪಿ, ಕೆಳಗೆ ರೋಮಿನ ಸರ್ವಾಧಿಕಾರಿ ಸೀಸರ್‌ನನ್ನು ಕೊಂದ ದಿನದ ಹೆಸರು. ಕೊಲೆ ಮಾಡಿ, ತಾರೀಖನ್ನೂ ಅಚ್ಚು ಹಾಕಿಸಿದ ಮಹಾರಾಯ!

ಮುಂದಿನ ಸಲ ಎರಡೂ ಬದಿ ಹಾಕಿ. ಜಾಗ ಸಾಲದಿದ್ದರೆ ತಲೆಯನ್ನೇ ಕೈಬಿಡಿ.

– ನಿಮ್ಮ ಹಳೇ ಓದುಗ, ಬೆಂಗಳೂರು